ಅರವತ್ತಮೂರು ಪರದೇಶಿಗಳು

ನಮ್ಮ ವಿಶ್ವವಿದ್ಯಾಲಯಕ್ಕೆ ಜಾಗತೀಕರಣ ಬಂದದ್ದು ಒಂದು ಸೋಫಾ ಸೆಟ್ಟಿನ ಜೊತೆಗೆ. ಮೊದಲ ಮಹಡಿಯಲ್ಲಿ ಹಳೇ ಉತ್ತರಪತ್ರಿಕೆಯ ಕಟ್ಟು, ಖಾಲಿ ಇಂಕಿನ ಬಾಟಲಿ, ಕಾಲು ಮುರಿದ ಸ್ಟೂಲುಗಳನ್ನು ತುಂಬಿಟ್ಟಿದ್ದ ಉಗ್ರಾಣವೊಂದಿತ್ತು. ಅದನ್ನು ಒಂದೇ ವಾರದಲ್ಲಿ ಖಾಲಿ ಮಾಡಿಸಿ, ಬಿಳಿ ಬಣ್ಣ ಬಳಿಸಿ, ಸೋಫಾ ತಂದಿಟ್ಟು, ಬಾಗಿಲ ಮೇಲೆ 'ಅಂತಾರಾಷ್ಟ್ರೀಯ ಸಂಬಂಧಗಳ ಕೇಂದ್ರ' ಎಂಬ ಬೋರ್ಡು ಹೊಡೆದರು. ಗೋಡೆಗೆ ಐದು ಗಡಿಯಾರ, ಪ್ರತಿಯೊಂದರ ಕೆಳಗೂ ಒಂದೊಂದು ದೂರದ ನಗರದ ಹೆಸರು. ನಾಲ್ಕು ತಿಂಗಳಲ್ಲಿ ಐದಕ್ಕೂ ಸೆಲ್ಲು ಮುಗಿಯಿತು. ಹೊಸ ಸೆಲ್ಲು ಯಾವ ವಿಭಾಗದವರು ಹಾಕಿಸಬೇಕು ಅನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ.

ನಾನು ಕೆಳಗಿನ ದಾಖಲಾತಿ ವಿಭಾಗದ ಸೂಪರಿಂಟೆಂಡೆಂಟು. ಮೂವತ್ತೊಂದು ವರ್ಷದಿಂದ ಯಾರು ಸೇರಿದರು, ಯಾರು ಬಿಟ್ಟರು, ಯಾರ ಜನ್ಮದಿನಾಂಕ ತಪ್ಪಾಗಿದೆ ಅನ್ನುವುದನ್ನು ಬರೆದುಕೊಂಡು ಕೂತವಳು. ನಿವೃತ್ತಿಗೆ ಎರಡು ವರ್ಷವಿದೆ. ಬಾಯಿ ಸ್ವಲ್ಪ ಹರಿತ ಅಂತ ನನ್ನ ಬಗ್ಗೆ ದೂರು ಇದೆ, ಅದನ್ನು ನಾನು ಅಲ್ಲಗಳೆದಿಲ್ಲ.

ಆ ಕೇಂದ್ರಕ್ಕೆ ನಿರ್ದೇಶಕರಾಗಿ ಬಂದವರನ್ನು ಕಚೇರಿಯಲ್ಲಿ ಎಲ್ಲರೂ 'ವಿಮಾನ' ಅನ್ನುತ್ತಿದ್ದರು. ವಿಮಾನ ಹತ್ತಿದ್ದು ಎರಡೇ ಸಲ, ಆದರೆ ಯಾವ ಮಾತನ್ನೂ ಅಲ್ಲಿಂದ ಕೆಳಗೆ ಇಳಿದು ಆಡಿದವರಲ್ಲ. 'ನಾನು ಹೊರಗಿದ್ದಾಗ' ಎಂದು ಶುರು ಮಾಡಿದರೆ ಕೇಳುವವರು ಕುರ್ಚಿ ಹುಡುಕಿಕೊಳ್ಳಬೇಕು. ಇವರ ಮೇಲೆ ಕುಲಪತಿಗಳು. ಕುಲಪತಿಗಳಿಗೆ ಒಂದೇ ಚಿಂತೆ. ಜಗತ್ತಿನ ವಿಶ್ವವಿದ್ಯಾಲಯಗಳಿಗೆಲ್ಲ ಪ್ರತಿವರ್ಷ ನಂಬರು ಕೊಟ್ಟು ಪಟ್ಟಿ ಮಾಡುವ ಯಾವುದೋ ಸಂಸ್ಥೆಯಿದೆ, ಆ ಪಟ್ಟಿಯಲ್ಲಿ ನಮ್ಮ ಹೆಸರು ಹುಡುಕಲು ಪುಟ ತಿರುವಿ ತಿರುವಿ ಬೆರಳು ನೋಯುತ್ತಿತ್ತು.

ಆ ಸಂಸ್ಥೆಯ ನಮೂನೆಯಲ್ಲಿ ಒಂದು ಪ್ರಶ್ನೆ: 'ನಿಮ್ಮಲ್ಲಿ ಎಷ್ಟು ಮಂದಿ ವಿದೇಶಿ ವಿದ್ಯಾರ್ಥಿಗಳಿದ್ದಾರೆ?' ಸತ್ಯವಾದ ಉತ್ತರ, ಸೊನ್ನೆ. ಹಿಂದಿನ ವರ್ಷ ಸೈಕಲ್ಲಿನಲ್ಲಿ ಲೋಕ ಸುತ್ತುತ್ತಿದ್ದ ವಿದೇಶಿಯೊಬ್ಬ ಕುಡಿಯುವ ನೀರು ಕೇಳಿಕೊಂಡು ಗೇಟಿನ ಒಳಗೆ ಬಂದಿದ್ದ. ಅವನನ್ನು ಗ್ರಂಥಾಲಯದ ಮುಂದೆ ನಿಲ್ಲಿಸಿ ಫೋಟೋ ಹೊಡೆದು ವಾರ್ಷಿಕ ವರದಿಯ ಮುಖಪುಟಕ್ಕೆ ಹಾಕಿದ್ದರು. ನಮ್ಮ ಅಂತಾರಾಷ್ಟ್ರೀಯತೆ ಅಂದರೆ ಆ ಒಂದು ಬಾಟಲಿ ನೀರು.

ಈಗ ನಮ್ಮ ಪ್ರವೇಶ ಅರ್ಜಿಯ ಹದಿನೇಳನೇ ಕಾಲಮ್ಮಿನ ಬಗ್ಗೆ ಹೇಳಬೇಕು. ವಿಶ್ವವಿದ್ಯಾಲಯ ಶುರುವಾದಾಗಿನ ಮೊದಲ ಕುಲಸಚಿವರು ಸಾದಾ ಮನುಷ್ಯ. ಅವರು ಬರೆಸಿದ ಅರ್ಜಿಯಲ್ಲಿ ವಿದ್ಯಾರ್ಥಿಗೆ ತಂದೆ ತಾಯಿ ಇಬ್ಬರೂ ಇದ್ದಾರೋ, ಒಬ್ಬರೇ ಇದ್ದಾರೋ ಎಂದು ಕೇಳಿ, ಮೂರನೆಯದಾಗಿ 'ಪರದೇಶಿ' ಎಂದು ಬರೆದಿದ್ದರು. ಅಪ್ಪ ಅಮ್ಮ ಇಲ್ಲದ, ಹೋಗಲು ಮನೆಯಿಲ್ಲದ, ದಿಕ್ಕುದೆಸೆಯಿಲ್ಲದ ಮಕ್ಕಳನ್ನು ಮನೆಮಂದಿ ಏನನ್ನುತ್ತಾರೋ ಅದನ್ನೇ ಬರೆದಿದ್ದರು. 'ಪಾಪ, ಪರದೇಶಿ ಕೂಸು' ಎಂದು ಅಜ್ಜಿಯಂದಿರು ಅನ್ನುತ್ತಾರಲ್ಲ, ಅದು. ಅಂಥವರಿಗಾಗಿ ಒಂದು ನಿಯಮವನ್ನೂ ಮಾಡಿದ್ದರು: ಪರದೇಶಿ ವಿದ್ಯಾರ್ಥಿಗಳು ರಜೆಯಲ್ಲೂ ಹಾಸ್ಟೆಲಿನ ಕೋಣೆ ಬಿಡಬೇಕಾಗಿಲ್ಲ. ಉಳಿದವರೆಲ್ಲ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಹೋಗುವಾಗ ಹೋಗಲು ಜಾಗವಿಲ್ಲದವರು ಎಲ್ಲಿಗೆ ಹೋಗಬೇಕು ಎಂದು ಅವರಿಗೆ ಹೊಳೆದಿತ್ತು. ಅದು ಹೊಳೆದ ಕೊನೆಯ ಅಧಿಕಾರಿಯೂ ಅವರೇ.

ಈ ವರ್ಷ ಓದುತ್ತಿರುವವರಲ್ಲಿ ಆ ಕಾಲಮ್ಮಿನ ಹೆಸರು ಅರವತ್ತಮೂರು. ವಿಮಾನ ಸಾಹೇಬರು ಕಂಪ್ಯೂಟರಿನಲ್ಲಿ ಅದನ್ನು ನೋಡಿದರಂತೆ. ನೋಡಿದವರು ಅಲ್ಲೇ ಸೋಫಾದಿಂದ ಎದ್ದು ನಿಂತರಂತೆ.

ಅರವತ್ತಮೂರು ವಿದೇಶಿ ವಿದ್ಯಾರ್ಥಿಗಳು ಎಂದು ನಮೂನೆ ಹೊರಟಿತು. ಪಟ್ಟಿ ಬಂದಾಗ ನಮ್ಮ ವಿಶ್ವವಿದ್ಯಾಲಯ ನೂರ ನಲವತ್ತು ಸ್ಥಾನ ಮೇಲೆ ಹಾರಿತ್ತು. ಕುಲಪತಿಗಳ ಫೋಟೋ ಪತ್ರಿಕೆಯಲ್ಲಿ ಬಂತು, ಎಲ್ಲ ವಿಭಾಗಕ್ಕೂ ಸಿಹಿ ಬಂತು. ನಾನೂ ತಿಂದೆ. ಎರಡು ದಿನದ ಮೇಲೆ ಸುತ್ತೋಲೆಯ ಜೊತೆ ಲಗತ್ತಿಸಿದ್ದ ಹೆಸರುಗಳ ಪಟ್ಟಿ ನೋಡಿದಾಗ ತಿಂದದ್ದು ಗಂಟಲಿಗೆ ಬಂತು. ಆ ಹೆಸರುಗಳನ್ನು ರಿಜಿಸ್ಟರಿಗೆ ಏರಿಸಿದವಳು ನಾನೇ.

ಮೇಲೆ ಹೋಗಿ ಹೇಳಿದೆ. ಸಾಹೇಬರು ಕೂರಿ ಅನ್ನಲಿಲ್ಲ, ಮೇಜಿನ ಮೇಲಿದ್ದ ದಪ್ಪ ನಿಘಂಟು ತೆರೆದರು. ನನ್ನಂಥವರು ಬರಬಹುದು ಎಂದು ಪುಟಕ್ಕೆ ಚೀಟಿ ಇಟ್ಟುಕೊಂಡಿದ್ದರು.

"ನೋಡಿ, ಪರದೇಶಿ ಅಂದ್ರೆ ಬೇರೆ ದೇಶದವನು. ನಾನು ಹೇಳ್ತಿಲ್ಲ, ನಿಘಂಟು ಹೇಳ್ತಿದೆ."

"ಅದು ಒಂದನೇ ಅರ್ಥ ಸರ್. ಅದರ ಕೆಳಗೆ ಇನ್ನೊಂದು ಇದೆ, ಓದಿ."

ಅವರು ನಿಘಂಟು ಮುಚ್ಚಿದರು. ಒಂದನೇ ಅರ್ಥ ಇರುವಾಗ ಎರಡನೆಯದಕ್ಕೆ ಹೋಗುವುದು ನಮ್ಮ ಜನರ ಹಿಂದುಳಿದ ಬುದ್ಧಿ ಎಂದರು. ತಾವು ಹೊರಗಿದ್ದಾಗ ಅಲ್ಲಿ ಯಾರೂ ಹೀಗೆ ಕೆಳಗಿನ ಸಾಲು ಓದುತ್ತಿರಲಿಲ್ಲ ಎಂದೂ ಸೇರಿಸಿದರು. ಕುಲಪತಿಗಳ ಬಳಿ ಹೋದೆ. ಅವರು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿದರು. ತಪ್ಪು ಇರಬಹುದು, ಇಲ್ಲದೆಯೂ ಇರಬಹುದು, ನಂಬರು ಮಾತ್ರ ಬಂದಾಗಿದೆಯಲ್ಲ. ಮನೆಯಲ್ಲಿ ನಮ್ಮ ಯಜಮಾನರು ಊಟ ಮಾಡುತ್ತ ಕೇಳಿಸಿಕೊಂಡು, ನಿನಗ್ಯಾಕೆ ಬೇಕು ಊರ ಉಸಾಬರಿ ಎಂದರು. ನಾನು ಸುಮ್ಮನಾದೆ. ಕಾಗದದ ಮೇಲೆ ವಿದೇಶಿಗಳಾದರೆ ಆ ಮಕ್ಕಳ ಗಂಟೇನು ಹೋಗುತ್ತದೆ ಎಂದುಕೊಂಡೆ.

ಏನು ಹೋಗುತ್ತದೆ ಅನ್ನುವುದು ಬೇಸಿಗೆ ರಜೆಗೆ ಹನ್ನೆರಡು ದಿನ ಇರುವಾಗ ಗೊತ್ತಾಯಿತು. ಮೇಲಿನಿಂದ ಸುತ್ತೋಲೆ ಬಂತು. ಹಾಸ್ಟೆಲನ್ನು 'ಅಂತಾರಾಷ್ಟ್ರೀಯ ನಿವಾಸ'ವಾಗಿ ಮೇಲ್ದರ್ಜೆಗೆ ಏರಿಸಲಾಗುತ್ತಿದ್ದು, ರಜೆಯಲ್ಲಿ ಎಲ್ಲ ವಿದೇಶಿ ವಿದ್ಯಾರ್ಥಿಗಳು ತಮ್ಮ ತಮ್ಮ ದೇಶಗಳಿಗೆ ತೆರಳತಕ್ಕದ್ದು. ಉಳಿಯಲಿಚ್ಛಿಸುವವರು ಪಾಸ್‌ಪೋರ್ಟ್ ಪ್ರತಿಯೊಂದಿಗೆ ನಿರ್ದೇಶಕರ ಲಿಖಿತ ಅನುಮತಿ ಪಡೆಯತಕ್ಕದ್ದು.

ಆ ಸುತ್ತೋಲೆ ಹಿಡಿದುಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತವಳು ಹದಿನಾಲ್ಕು. ಅವಳ ಹೆಸರು ಅದಲ್ಲ, ಕೋಣೆಯ ನಂಬರು. ಐದು ವರ್ಷದಿಂದ ಅದೇ ಕೋಣೆ, ಅಡುಗೆಯವರು 'ಹದಿನಾಲ್ಕು ಉಂಡ್ಲಾ' ಎಂದು ಕೇಳಿ ಕೇಳಿ ಅದೇ ಅವಳ ಹೆಸರಾಯಿತು. ಹದಿನೆಂಟು ತುಂಬುವ ತನಕ ಅನಾಥಾಲಯದಲ್ಲಿದ್ದಳು, ತುಂಬಿದ ಮರುದಿನ ಅಲ್ಲಿಂದ ಹೊರಗೆ. ಉಳಿದ ಅರವತ್ತೆರಡು ಮಕ್ಕಳಿಗೆ ದೂರದ ಅತ್ತೆಯೋ, ಮುಖ ಸಿಂಡರಿಸುವ ಮಾವನೋ ಇದ್ದರು, ಹೇಗೋ ಎರಡು ತಿಂಗಳು ಕಳೆಯುತ್ತಿದ್ದರು. ಇವಳಿಗೆ ಯಾರೂ ಇಲ್ಲ. ಸಂಖ್ಯಾಶಾಸ್ತ್ರದ ಹುಡುಗಿ. ಆಸ್ಪತ್ರೆಯ ಚೀಟಿ ಕೌಂಟರಿನ ಮುಂದೆ ಜನ ಎಷ್ಟು ಹೊತ್ತು ಕಾಯುತ್ತಾರೆ ಅನ್ನುವುದರ ಮೇಲೆ ಪ್ರಬಂಧ ಬರೆಯುತ್ತಿದ್ದಳು, ರಜೆ ಮುಗಿಯುವ ದಿನವೇ ಅದನ್ನು ಒಪ್ಪಿಸಬೇಕಿತ್ತು. ಪ್ರತಿ ರಜೆಯಲ್ಲೂ ನನ್ನ ವಿಭಾಗಕ್ಕೆ ಬಂದು ರಿಜಿಸ್ಟರಿನ ಮೊತ್ತಗಳನ್ನು ಬಾಯಿಲೆಕ್ಕದಲ್ಲೇ ಕೂಡಿ ತಪ್ಪು ತೋರಿಸುತ್ತಿದ್ದಳು. ನನಗೆ ಅವಳ ಮೇಲೆ ಅಕ್ಕರೆ ಇತ್ತು, ಹೇಳಿಕೊಂಡಿರಲಿಲ್ಲ.

ಸುತ್ತೋಲೆಯನ್ನು ಮೇಜಿನ ಮೇಲಿಟ್ಟು, "ಮೇಡಂ, ನನ್ನ ದೇಶ ಯಾವ್ದು ಅಂತ ನಿಮ್ಮ ರಿಜಿಸ್ಟರಲ್ಲಿ ಇದೆಯಾ?" ಎಂದು ಕೇಳಿದಳು. ನಗುತ್ತಲೇ ಕೇಳಿದಳು. ಆದರೆ ಕಾಗದದ ಅಂಚು ಮಡಿಸಿ ಮಡಿಸಿ ಹರಿದಿತ್ತು.

ಅದೇ ಹೊತ್ತಿಗೆ ಇನ್ನೊಂದು ಸಂಭ್ರಮ ಒಕ್ಕರಿಸಿತು. ಹೊರದೇಶದ ವಿಶ್ವವಿದ್ಯಾಲಯವೊಂದರ ಮೂವರು ಪ್ರತಿನಿಧಿಗಳು ಒಪ್ಪಂದಕ್ಕೆ ಸಹಿ ಹಾಕಲು ಬರುತ್ತಾರೆ, ನಮ್ಮ ವಿದೇಶಿ ವಿದ್ಯಾರ್ಥಿಗಳನ್ನು ಕಂಡು ಮಾತಾಡಿಸಬೇಕು ಅನ್ನುತ್ತಾರೆ. ಒಂದು ವಾರ ಇಡೀ ಆವರಣಕ್ಕೆ ಸುಣ್ಣ ಬಣ್ಣ. ಶೌಚಾಲಯದ ಬಾಗಿಲಿಗೆ ಹನ್ನೆರಡು ವರ್ಷದ ನಂತರ ಚಿಲಕ ಬಂತು, ಅದೂ ಅತಿಥಿಗಳು ಹಾದುಹೋಗುವ ಮಹಡಿಯಲ್ಲಿ ಮಾತ್ರ. ವಿಮಾನ ಸಾಹೇಬರು ಅರವತ್ತಮೂರರಲ್ಲಿ ಹತ್ತು ಮಕ್ಕಳನ್ನು ಆರಿಸಿ ಸಾಲಾಗಿ ನಿಲ್ಲಿಸಿ, ಮೈಬಣ್ಣ, ಮೂಗು, ಎತ್ತರ ನೋಡಿ ಒಬ್ಬೊಬ್ಬರಿಗೆ ಒಂದೊಂದು ದೇಶ ಹಂಚಿದರು. ದನದ ಸಂತೆಯಲ್ಲಿ ಹಲ್ಲಾದರೂ ಎಣಿಸುತ್ತಾರೆ. ಹದಿನಾಲ್ಕಕ್ಕೆ ಒಂದು ದ್ವೀಪರಾಷ್ಟ್ರ ಸಿಕ್ಕಿತು. ಅಂಗಿಗೆ ಚುಚ್ಚಿಕೊಳ್ಳಲು ಸಣ್ಣ ಬಾವುಟವನ್ನೂ ಕೊಟ್ಟರು.

ಅವಳು ಆಗುವುದಿಲ್ಲ ಎಂದಳಂತೆ. ಕಡ್ಡಿ ತುಂಡು ಮಾಡಿದ ಹಾಗೆ. ಆಗ ಸಾಹೇಬರು ಬೆಣ್ಣೆ ಹಚ್ಚಿದರು. ಒಂದು ಗಂಟೆ ನಿಂತು ನಗು, ರಜೆಯಲ್ಲಿ ಕೋಣೆ ನಿನಗೇ. ಅವಳು ಮತ್ತೆ ನನ್ನ ಹತ್ತಿರ ಬಂದಳು.

ನಾನು ಹೇಳಬೇಕಾಗಿದ್ದದ್ದು ಬೇಡ ಎಂದು. ಆದರೆ ಮೂವತ್ತೊಂದು ವರ್ಷ ಕಡತಗಳ ನಡುವೆ ಇದ್ದವಳಿಗೆ ತಾನು ಬಹಳ ಜಾಣೆ ಅನ್ನಿಸಿರುತ್ತದೆ. ಬಾಯಿಮಾತು ನಂಬಬೇಡ, ಬರಹದಲ್ಲಿ ತಗೋ, ನಾನೇ ಟೈಪ್ ಮಾಡಿಕೊಡುತ್ತೇನೆ ಎಂದೆ. ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ಕೂತು ಪತ್ರ ತಯಾರು ಮಾಡಿದೆ. ಇಂಥ ದೇಶದ ಪ್ರಜೆಯಾದ ಈ ವಿದ್ಯಾರ್ಥಿನಿಗೆ ರಜೆಯ ಅವಧಿಯಲ್ಲಿ ಹದಿನಾಲ್ಕನೇ ಕೋಣೆಯಲ್ಲಿ ತಂಗಲು ಅನುಮತಿಸಲಾಗಿದೆ. ದೇಶದ ಹೆಸರು ಹಾಕದಿದ್ದರೆ ಸಾಹೇಬರು ಸಹಿ ಹಾಕುತ್ತಿರಲಿಲ್ಲ. ಸಹಿ ಬಿತ್ತು, ಮೊಹರು ಬಿತ್ತು. ಹುಡುಗಿ ಪತ್ರವನ್ನು ಎರಡು ಸಲ ಓದಿ ಪುಸ್ತಕದೊಳಗೆ ಇಟ್ಟುಕೊಂಡಳು. ಗೆದ್ದೆವು ಎಂದುಕೊಂಡೆ ನಾನು.

ಪ್ರತಿನಿಧಿಗಳು ಬಂದರು. ಇಬ್ಬರು ಗಂಡಸರು ಇಡೀ ಹೊತ್ತು ಒಪ್ಪಂದದ ಕಾಗದದಲ್ಲಿ ಮುಳುಗಿದ್ದರು. ಮೂರನೆಯವರು ಬಿಳಿಗೂದಲಿನ ಹೆಂಗಸು, ಹತ್ತೂ ಮಕ್ಕಳ ಹತ್ತಿರ ನಿಧಾನವಾಗಿ ಬಂದರು. ಹದಿನಾಲ್ಕರ ಬಾವುಟ ನೋಡಿದ್ದೇ ಅವರ ಮುಖ ಅರಳಿತು. ಚಿಕ್ಕಂದಿನಲ್ಲಿ ಆ ದ್ವೀಪದಲ್ಲೇ ಬೆಳೆದವರಂತೆ. ಅಲ್ಲಿನ ಭಾಷೆಯಲ್ಲಿ ಏನೋ ಕೇಳಿದರು.

ಹುಡುಗಿ ಸುಮ್ಮನೆ ನಿಂತಳು. ನಾಚಿಕೆ ಸ್ವಭಾವ ಎಂದರು ಕುಲಪತಿಗಳು. ತುಂಬಾ ನಾಚಿಕೆ ಎಂದರು ವಿಮಾನ ಸಾಹೇಬರು. ಆ ಹೆಂಗಸು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಕೈಯನ್ನು ಮೆಲ್ಲಗೆ ಹಿಡಿದು ಬಿಟ್ಟು, ಮುಂದೆ ಹೋದರು. ಅವರಿಗೆ ಎಲ್ಲ ಅರ್ಥವಾಗಿತ್ತು. ಹಾಗಿದ್ದೂ ಒಪ್ಪಂದಕ್ಕೆ ಸಹಿ ಹಾಕಿದರು. ಅವರಿಗೂ ಅವರೂರಿನಲ್ಲಿ ತುಂಬಿಸಬೇಕಾದ ನಮೂನೆಗಳಿರಬೇಕು.

ರಜೆ ಶುರುವಾಯಿತು. ಹಾಸ್ಟೆಲು ಖಾಲಿಯಾಗಿ ಹದಿನಾಲ್ಕನೇ ಕೋಣೆಯ ಕಿಟಕಿ ಒಂದೇ ತೆರೆದಿತ್ತು. ಹುಡುಗಿ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಸಾಲು ಎಣಿಸಿ ಬರುತ್ತಿದ್ದಳು, ಮಧ್ಯಾಹ್ನ ಬರೆಯುತ್ತಿದ್ದಳು. ಹದಿನೆಂಟು ದಿನ ಹೀಗೇ ನಡೆಯಿತು.

ಹತ್ತೊಂಬತ್ತನೇ ದಿನ ವಿದೇಶಿಯರ ನೋಂದಣಿ ಕಚೇರಿಯಿಂದ ಪತ್ರ ಬಂತು. ನಿಮ್ಮಲ್ಲಿ ತಂಗಿರುವ ದ್ವೀಪರಾಷ್ಟ್ರದ ಪ್ರಜೆ ನಮ್ಮಲ್ಲಿ ನೋಂದಾಯಿಸಿಲ್ಲ, ಏಳು ದಿನದಲ್ಲಿ ಪಾಸ್‌ಪೋರ್ಟ್ ಹಾಜರುಪಡಿಸಿ. ಅವರಿಗೆ ಹೇಗೆ ಗೊತ್ತಾಯಿತು ಎಂದು ಮೇಲೆ ಕೋಲಾಹಲ. ನಾನು ನನ್ನ ಪತ್ರದ ಕಚೇರಿ ಪ್ರತಿ ತೆಗೆದು ನೋಡಿದೆ. ಸಹಿಯ ಕೆಳಗೆ ಎಡಗಡೆ, ಸಣ್ಣ ಅಕ್ಷರದಲ್ಲಿ: 'ಪ್ರತಿ: ವಿದೇಶಿಯರ ನೋಂದಣಿ ಕಚೇರಿ, ಮಾಹಿತಿಗಾಗಿ.' ಯಾವ ಪತ್ರವಾದರೂ ಸಂಬಂಧಪಟ್ಟ ಕಚೇರಿಗೊಂದು ಪ್ರತಿ ಹೋಗಲೇಬೇಕು ಎಂಬುದು ನನ್ನ ಬೆರಳುಗಳಿಗೆ ಗೊತ್ತು, ಮೂವತ್ತೊಂದು ವರ್ಷದ ಅಭ್ಯಾಸ. ರವಾನೆ ವಿಭಾಗದವರು ಎಂದೂ ಇಲ್ಲದ ನಿಷ್ಠೆಯಿಂದ ಅದನ್ನು ಅಂಚೆಗೂ ಹಾಕಿದ್ದರು.

ಅರವತ್ತಮೂರು ವಿದೇಶಿಗಳು ಒಂದೇ ಮಧ್ಯಾಹ್ನದಲ್ಲಿ ವಿಶ್ವವಿದ್ಯಾಲಯದ ಜಾಲತಾಣದಿಂದ ಮಾಯವಾದರು. ತಾಂತ್ರಿಕ ದೋಷ ಎಂದು ಪ್ರಕಟಣೆ ಹೊರಟಿತು. ಆದರೆ ಸಹಿ ಮೊಹರು ಇರುವ ಪತ್ರ ತಾಂತ್ರಿಕ ದೋಷವಾಗುವುದಿಲ್ಲ, ಅದಕ್ಕೊಬ್ಬ ತಪ್ಪಿತಸ್ಥ ಬೇಕು. ಮೂವರ ವಿಚಾರಣಾ ಸಮಿತಿ ಮಾಡಿದರು. ಕುಲಪತಿಗಳು ಅಧ್ಯಕ್ಷರು, ಪಕ್ಕದಲ್ಲಿ ಬಾಯಿ ಬಿಡದ ಒಬ್ಬ ಪ್ರಾಧ್ಯಾಪಕರು, ಮೂರನೇ ಸದಸ್ಯರು ಯಾರು ಅಂದುಕೊಂಡಿರಿ? ವಿಮಾನ ಸಾಹೇಬರೇ.

ನನ್ನನ್ನೂ ಕರೆದಿದ್ದರು, ರಿಜಿಸ್ಟರು ತರಲು. ಹುಡುಗಿ ಮೇಜಿನ ಆಚೆ ನಿಂತಿದ್ದಳು. ಐದು ವರ್ಷದ ಹಿಂದಿನ ಅವಳ ಅರ್ಜಿಯನ್ನು ಸಾಹೇಬರು ಅವಳ ಕಡೆ ತಿರುಗಿಸಿ ಹದಿನೇಳನೇ ಕಾಲಮ್ಮಿನ ಮೇಲೆ ಬೆರಳಿಟ್ಟರು.

"ಪರದೇಶಿ ಅಂತ ಇಲ್ಲಿ ಬರೆದದ್ದು ನಿನ್ನ ಕೈಯಲ್ಲೇ ಅಲ್ವಾ?"

"ಹೌದು ಸರ್."

"ಅಂದ್ರೆ ವಿದೇಶಿ ಅಂತ ನೀನೇ ಹೇಳ್ಕೊಂಡಿದ್ದೀಯ. ಈಗ ಏನಂತೀಯ?"

"ಈಗ್ಲೂ ಪರದೇಶಿನೇ ಸರ್. ಎಷ್ಟು ಅಂತ ಆಗ ಗೊತ್ತಿರ್ಲಿಲ್ಲ."

ನಾನು ಎದ್ದು, ಪತ್ರ ಟೈಪ್ ಮಾಡಿದವಳು ನಾನು, ಸಹಿ ಹಾಕಿದವರು ಅಲ್ಲಿ ಕೂತವರು, ದೇಶ ಹಂಚಿದವರೂ ಅವರೇ, ಹುಡುಗಿಯದು ಏನೂ ತಪ್ಪಿಲ್ಲ ಎಂದು ಹೇಳಿದೆ. ನಡಾವಳಿ ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟು ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಕೂತ ಮೇಲೆ ಪೆನ್ನು ಎತ್ತಿಕೊಂಡರು. ನನಗೆ ಒಂದು ಮೆಮೊ ಬಂತು, ಶಿಸ್ತಿನ ಕೊರತೆ ಎಂದು.

ತೀರ್ಪು ಒಂದು ಪುಟದ್ದು. ತಪ್ಪು ಮಾಹಿತಿ ನೀಡಿ ವಸತಿ ಪಡೆದಿದ್ದರಿಂದ ವಿದ್ಯಾರ್ಥಿನಿಯ ಹಾಸ್ಟೆಲ್ ಸೌಲಭ್ಯ ರದ್ದು, ನಾಳೆ ಸಂಜೆಯೊಳಗೆ ಕೋಣೆ ತೆರವು. ಮಾನವೀಯ ನೆಲೆಯಲ್ಲಿ ಪ್ರಬಂಧ ಒಪ್ಪಿಸಲು ಅವಕಾಶವಿದೆ. ಎಲ್ಲಿ ಕೂತು ಬರೆಯಬೇಕು ಅನ್ನುವುದು ಮಾನವೀಯ ನೆಲೆಯ ವ್ಯಾಪ್ತಿಗೆ ಬರಲಿಲ್ಲ. ಪ್ರವೇಶ ಅರ್ಜಿಯನ್ನೂ ತಿದ್ದಿದರು. ಹದಿನೇಳನೇ ಕಾಲಮ್ಮಿನಲ್ಲಿ ಈಗ 'ದೇಶೀಯ', 'ಅಂತಾರಾಷ್ಟ್ರೀಯ' ಎಂದು ಎರಡೇ ಇವೆ. ಆ ಹಳೇ ಮಾತಿನ ಜೊತೆ ರಜೆಯ ನಿಯಮವೂ ಹೋಯಿತು. ವಿಮಾನ ಸಾಹೇಬರು ಮರುವಾರ ಮೂರನೇ ಸಲ ವಿಮಾನ ಹತ್ತಿದರು. ದುರ್ಬಲ ವಿದ್ಯಾರ್ಥಿಗಳನ್ನು ಜಾಗತಿಕ ಶಿಕ್ಷಣದೊಳಗೆ ಸೇರಿಸಿಕೊಳ್ಳುವುದರ ಬಗ್ಗೆ ಎಲ್ಲೋ ಒಂದು ಸಮ್ಮೇಳನವಂತೆ. ಇಂಥವರನ್ನು ನಾನು ಮೂವತ್ತೊಂದು ವರ್ಷ 'ಸರ್' ಎಂದು ಕರೆದಿದ್ದೇನೆ.

ಮಾರನೆಯ ದಿನ ಮಧ್ಯಾಹ್ನ ಹಾಸ್ಟೆಲಿಗೆ ಹೋದೆ. ಮೆಟ್ಟಿಲ ತುಂಬ ಬಣ್ಣದ ಡಬ್ಬ, ಏಣಿ. ಹದಿನಾಲ್ಕನೇ ಕೋಣೆಯಲ್ಲಿ ಹುಡುಗಿ ಒಂದು ಚೀಲ, ಒಂದು ರಟ್ಟಿನ ಪೆಟ್ಟಿಗೆ ಕಟ್ಟಿಟ್ಟು ಮಂಚದ ಮೇಲೆ ಕೂತಿದ್ದಳು. ಐದು ವರ್ಷದ ಸಂಸಾರ ಅಷ್ಟೇ. ಪೆಟ್ಟಿಗೆ ತುಂಬ ಆಸ್ಪತ್ರೆಯ ಸಾಲಿನ ಲೆಕ್ಕ ಬರೆದ ಹಾಳೆಗಳು. ಅವಳು ಕಟ್ಟಿದ್ದ ಹಗ್ಗವನ್ನೇ ನಾನು ಮತ್ತೊಮ್ಮೆ ಬಿಗಿದೆ, ಕೈಗೆ ಬೇರೆ ಕೆಲಸವಿರಲಿಲ್ಲ. ಆಮೇಲೆ ಹೇಳಿದೆ.

"ನಮ್ಮನೆಗೆ ಬಾಮ್ಮ."

ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. "ಎಷ್ಟು ದಿನ ಮೇಡಂ?"

ನಮ್ಮದು ಎರಡು ಕೋಣೆಯ ಮನೆ. ಒಂದರಲ್ಲಿ ಹಾಸಿಗೆ ಹಿಡಿದ ಅತ್ತೆ, ಇನ್ನೊಂದರಲ್ಲಿ ನಾನು ಮತ್ತು ಯಜಮಾನರು. ಅವರಿಗೆ ಇನ್ನೂ ಹೇಳಿರಲಿಲ್ಲ, ಹೇಳಿದರೆ ಏನನ್ನುತ್ತಾರೋ ಅದು ನನ್ನ ಕಿವಿಯಲ್ಲಿ ಆಗಲೇ ಕೇಳಿಸುತ್ತಿತ್ತು. ಎಷ್ಟು ದಿನ ಬೇಕಾದರೂ ಇರು ಎಂದು ಬಾಯಿಗೆ ಬಂದದ್ದು ನಾಲಿಗೆಯ ಮೇಲೆ ಒಂದು ಕ್ಷಣ ನಿಂತಿತು. ಒಂದೇ ಕ್ಷಣ, ಹೆಚ್ಚಿಲ್ಲ. ಜನ ಎಷ್ಟು ಹೊತ್ತು ತಡೆಯುತ್ತಾರೆ ಎಂದು ನೋಡುವುದೇ ಆ ಹುಡುಗಿಯ ಓದು.

"ಬೇಡಿ ಮೇಡಂ. ಗೆಳತಿ ಊರಿಗೆ ಹೋಗ್ತೀನಿ. ಬಾ ಬಾ ಅಂತ ತುಂಬ ದಿನದಿಂದ ಕರೀತಿದ್ಲು."

ಇಷ್ಟು ದಿನ ಅವರನ್ನೆಲ್ಲ ಉಗಿದ ಬಾಯಿ ನನ್ನದು. ಪೆಟ್ಟಿಗೆಯ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಅವಳು, ಇಬ್ಬರೂ ಮೆಟ್ಟಿಲಿಳಿದು ಬಸ್ ನಿಲ್ದಾಣದ ತನಕ ಹೊತ್ತುಕೊಂಡು ಹೋದೆವು. ಅವಳಿಗೆ ಅಂಥ ಗೆಳತಿ ಯಾರೂ ಇಲ್ಲ ಅನ್ನುವುದು ನನಗೆ ಗೊತ್ತಿತ್ತು. ಯಾವ ಊರು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವಳು ಒಂದು ಹೆಸರು ಹುಡುಕಿ ಹೇಳಬೇಕಾಗುತ್ತಿತ್ತು.